ಲೋಗೋ, ಬೋರ್ಡ್ ಬದಲಿಸುವ ಮುನ್ನ

ಸದಸ್ಯರಿಗೆಲ್ಲ ನಮಸ್ಕಾರ. ಹಬ್ಬ ಬಂತೆಂದು ಅಂಗಡಿಯ ಲೋಗೋ, ಬಣ್ಣ ಬದಲಿಸಬೇಡಿ, ದಯವಿಟ್ಟು. ಪದೇ ಪದೇ ಕಂಡದ್ದೇ ಮನಸ್ಸಿಗೆ ಹಿಡಿಸುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯಾನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ಬೆಂಗಳೂರಲ್ಲೇ 1916ರಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪು ನೋಡಿ: ಮೊಟ್ಟೆಯಾಕಾರ, ಗಂಧದ ಘಮ, ಆನೆ ಮುಖ, ಸಿಂಹದ ಮೈಯ ‘ಶರಭ’ದ ಲಾಂಛನ. ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಸಿಗುತ್ತದೆ.

ಎರಡು ಬಣ್ಣ ಸಾಕು. ಅವುಗಳ ಕೋಡ್ (ಬಣ್ಣದ ನಿಖರ ಛಾಯೆ ಹೇಳುವ ಸಂಖ್ಯೆ) ಬರೆದಿಟ್ಟುಕೊಂಡು ಬೋರ್ಡ್ ಮಾಡುವವರಿಗೂ ಪ್ರಿಂಟಿಂಗ್ ಪ್ರೆಸ್ಸಿಗೂ ಅದನ್ನೇ ಕೊಡಿ. ಬಾಯಲ್ಲಿ ಬರೀ ‘ಕೆಂಪು’ ಅಂದರೆ ಚೀಲದ ಮೇಲೆ ಒಂದು ಕೆಂಪು, ಬಿಲ್ಲಿನ ಮೇಲೆ ಇನ್ನೊಂದು ಬರುತ್ತದೆ. ಬೋರ್ಡಿನಲ್ಲಿ ಶೇ 60 ಕನ್ನಡ ಹೇಗೂ ಕಡ್ಡಾಯ; ಅಕ್ಷರ ರಸ್ತೆಯ ಆಚೆ ಬದಿಗೂ ಕಾಣುತ್ತದೆಯೇ ನೋಡಿ ಒಪ್ಪಿಕೊಳ್ಳಿ.

ಡಿಸ್ಕೌಂಟ್ ವಿಷಯದಲ್ಲಿ ಹುಷಾರು. 100 ರೂಪಾಯಿಯ ಮಾಲನ್ನು ತಿಂಗಳುಗಟ್ಟಲೆ 80ಕ್ಕೆ ಕೊಟ್ಟರೆ ಗಿರಾಕಿಯ ತಲೆಯಲ್ಲಿ 80 ರೂಪಾಯಿಯೇ ನಿಜವಾದ ಬೆಲೆಯಾಗಿ ಕೂರುತ್ತದೆ. ಆಮೇಲೆ 100 ಅಂದರೆ, ರೇಟು ಏರಿಸಿದಿರಿ ಅನ್ನುತ್ತಾರೆ.

ಇನ್ನೊಂದು: ಗಿರಾಕಿಗೆ ಅಂಗಡಿಯಲ್ಲಿ ಕಳೆದ ಕೊನೆಯ ಗಳಿಗೆ ಗಟ್ಟಿಯಾಗಿ ನೆನಪಿರುತ್ತದೆ. ದುಡ್ಡು ಬಂದ ಸದ್ದು ಕೇಳಿದ ಕೂಡಲೇ ಮುಖ ತಿರುಗಿಸಬೇಡಿ. ಚೀಲ ಕೈಗಿತ್ತು ‘ಹೋಗ್ಬನ್ನಿ’ ಅನ್ನಿ; ಕೆಲಸದ ಹುಡುಗರಿಗೂ ಕಲಿಸಿ.