ಅಂಗಡಿ, ಮಂಡಿ, ಕಚೇರಿಗಳ ಡಿಎಸ್‌ಎಲ್ ಸಂಪರ್ಕ ಬದಲಾಗುತ್ತಿರುವ ಬಗ್ಗೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ಅಂಗಡಿ, ಅಡಿಕೆ ಮಂಡಿ, ನರ್ಸಿಂಗ್ ಹೋಮ್, ಸೊಸೈಟಿಗಳ ವಿಳಾಸಕ್ಕೆ ಮನೆ ದರದ ಡಿಎಸ್‌ಎಲ್ (ತಾಮ್ರದ ಫೋನ್ ತಂತಿಯ ಮೇಲೆ ಬರುವ ಇಂಟರ್ನೆಟ್) ಪ್ಲಾನನ್ನು ನಾವು ನವೀಕರಿಸುವುದಿಲ್ಲ. ಅದರ ಬದಲು ಹಂಚಿಕೆಯ ಫೈಬರ್ ಪ್ಲಾನ್ ಅಥವಾ ಲೀಸ್ಡ್ ಲೈನ್ (ನಿಮಗೊಬ್ಬರಿಗೇ ಮೀಸಲಾದ ಸಂಪರ್ಕ) ತೆಗೆದುಕೊಳ್ಳಬಹುದು. ಮನೆಗಳ ಡಿಎಸ್‌ಎಲ್ ಈಗಿರುವಂತೆಯೇ ಇರುತ್ತದೆ, ದರವೂ ಅದೇ. ಇಷ್ಟು ದೊಡ್ಡ ಬದಲಾವಣೆಯನ್ನು ಎರಡು ಸಾಲಿನ ಮೆಸೇಜಿನಲ್ಲಿ ತಿಳಿಸಿದ್ದು ನಮ್ಮ ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇವೆ.

ಆ ಮೆಸೇಜು ಹೋದ ದಿನದಿಂದ ಕೌಂಟರಿನಲ್ಲಿ ಒಂದೇ ಮಾತು ಕೇಳಿಬರುತ್ತಿದೆ: "ಮನೆಗೆ ಕೆಲವೇ ನೂರು ರೂಪಾಯಿಗೆ 16 ಎಂಬಿಪಿಎಸ್ ಕೊಡ್ತೀರಿ. ಅಂಗಡಿಗೆ 10 ಎಂಬಿಪಿಎಸ್ ಲೀಸ್ಡ್ ಲೈನಿಗೆ ಸಾವಿರಗಟ್ಟಲೆ ಕೇಳ್ತೀರಿ. ಕಂಬ ಅದೇ, ತಂತಿ ಅದೇ, ಇದು ಸುಲಿಗೆ ಅಲ್ವಾ?" ಕಂಬ ಅದೇ, ನಿಜ. ಆದರೆ ತಂತಿ ಅದಲ್ಲ, ನೀವು ಕೊಳ್ಳುತ್ತಿರುವ ಸರಕೂ ಅದಲ್ಲ.

ಮನೆ ಪ್ಲಾನಿನ 16 ಎಂಬಿಪಿಎಸ್ (ಸೆಕೆಂಡಿಗೆ 16 ಮೆಗಾಬಿಟ್) ಹಂಚಿಕೊಂಡು ಬಳಸುವ ವೇಗ. 50 ಮನೆಗೆ 16ರಂತೆ ಕೊಟ್ಟರೆ ಒಟ್ಟು 800 ಎಂಬಿಪಿಎಸ್ ಆಯಿತು. ಅದರ ಹಿಂದೆ 50 ಎಂಬಿಪಿಎಸ್ ಇಟ್ಟರೂ ಹಗಲು ಹೊತ್ತು ಯಾರಿಗೂ ಕೊರತೆ ಕಾಣುವುದಿಲ್ಲ, ಏಕೆಂದರೆ ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ. ರಾತ್ರಿ 8ರಿಂದ 10ರ ನಡುವೆ ಎಳೆಯುತ್ತಾರೆ, ಆಗ ನಿಧಾನವಾಗುತ್ತದೆ. ಬೆಲೆ ಕಡಿಮೆಯಾಗಿರುವುದು ಈ ಹಂಚಿಕೆಯಿಂದಲೇ. ಲೀಸ್ಡ್ ಲೈನಿನ 10 ಎಂಬಿಪಿಎಸ್ ನಿಮ್ಮೊಬ್ಬರದೇ. ಹೋಗುವ ದಾರಿಗೆ 10, ಬರುವ ದಾರಿಗೆ 10, ದಿನದ 24 ಗಂಟೆಯೂ. ನೀವು ಶಟರ್ ಎಳೆದು ಮನೆಗೆ ಹೋದ ಮೇಲೂ ಅದನ್ನು ನಾವು ಇನ್ನೊಬ್ಬರಿಗೆ ಕೊಡುವಂತಿಲ್ಲ, ಆದರೆ ನಮಗೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿಯವರಿಗೆ ಅದರ ದುಡ್ಡು ತಿಂಗಳು ತಿಂಗಳು ಕಟ್ಟಲೇಬೇಕು.

ಅಪ್‌ಲೋಡಿನ ವಿಷಯವನ್ನು ಯಾರೂ ಕೇಳುವುದಿಲ್ಲ, ಕಷ್ಟ ಶುರುವಾಗುವುದು ಮಾತ್ರ ಅಲ್ಲೇ. ಎಡಿಎಸ್‌ಎಲ್2+ ಎಂಬ ಬಗೆಯ ಡಿಎಸ್‌ಎಲ್‌ನಲ್ಲಿ ಇಳಿಕೆ (ಡೌನ್‌ಲೋಡ್) ಹೆಚ್ಚೆಂದರೆ 24 ಎಂಬಿಪಿಎಸ್, ಏರಿಕೆ (ಅಪ್‌ಲೋಡ್) ಸುಮಾರು 1 ಎಂಬಿಪಿಎಸ್. 100 ಎಂಬಿ (ಅಂದರೆ 800 ಮೆಗಾಬಿಟ್) ಗಾತ್ರದ ಲೆಕ್ಕಪತ್ರದ ಬ್ಯಾಕಪ್ ಕಳಿಸಲು 0.8 ಎಂಬಿಪಿಎಸ್‌ನಲ್ಲಿ ಸುಮಾರು 17 ನಿಮಿಷ ಹಿಡಿಯುತ್ತದೆ. 10 ಎಂಬಿಪಿಎಸ್ ಇದ್ದರೆ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಆ 17 ನಿಮಿಷ ಅಂಗಡಿಯ ಉಳಿದ ಕೆಲಸವೂ ನಿಲ್ಲುತ್ತದೆ. ಡೌನ್‌ಲೋಡ್ ಆಗುವಾಗಲೂ "ತಲುಪಿತು" ಎಂಬ ಸಣ್ಣ ಉತ್ತರಗಳು ಏರಿಕೆಯ ದಾರಿಯಲ್ಲೇ ಹೋಗಬೇಕು. ಅವು ಸಾಲಿನಲ್ಲಿ ನಿಂತರೆ ಇಳಿಕೆಯೂ ಕುಂಟುತ್ತದೆ. "ನೆಟ್ ಸತ್ತಿದೆ" ಎಂದು ಬರುವ ಎಷ್ಟೋ ಫೋನುಗಳಿಗೆ ಇದೇ ಕಾರಣ. ನಾಲ್ಕು ಕ್ಯಾಮೆರಾಗಳ ದೃಶ್ಯವನ್ನು ಹೊರಗಿನಿಂದ ನೋಡಬೇಕೆಂದರೆ, ಒಂದಕ್ಕೆ 2 ಎಂಬಿಪಿಎಸ್ ಹಿಡಿದರೂ 8 ಬೇಕು. ಈ ಡಿಎಸ್‌ಎಲ್‌ನಲ್ಲಿ ಅದು ಆಗುವ ಮಾತಲ್ಲ.

ಇನ್ನು ತಾಮ್ರ. ದೂರ ಹೆಚ್ಚಿದಷ್ಟೂ ಸಂಕೇತ ಕ್ಷೀಣಿಸುತ್ತದೆ. ಲೈನು ಹೊರಡುವ ನಮ್ಮ ಡಬ್ಬಿಯಿಂದ ಒಂದು ಕಿಲೋಮೀಟರಿನೊಳಗೆ ಚೆನ್ನಾಗಿ ಓಡುವ ಲೈನು ಐದು ಕಿಲೋಮೀಟರಿಗೆ ಒಂದೆರಡು ಎಂಬಿಪಿಎಸ್‌ಗೆ ಇಳಿಯುತ್ತದೆ. ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರೆ ಗದ್ದಲ ಏರಿ, ಮೋಡೆಮ್ ಪುಟದಲ್ಲಿ ಕಾಣುವ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆದುಕೊಳ್ಳಲು ಲೈನಿಗೆ ಉಳಿದಿರುವ ಶಕ್ತಿಯ ಅಳತೆ) 6 ಡೆಸಿಬೆಲ್‌ಗಿಂತ ಕೆಳಗೆ ಹೋಗುತ್ತದೆ, ಲಿಂಕ್ ಪದೇ ಪದೇ ಕಡಿಯುತ್ತದೆ. ಮಲೆನಾಡಿನ ಜುಲೈಯಲ್ಲಿ ಎಷ್ಟು ಸಲ ಟೇಪು ಸುತ್ತಿದರೂ ಅಷ್ಟೇ. ಅಂಥ ಲೈನಿನ ಮೇಲೆ ವ್ಯಾಪಾರ ನಡೆಸಿ ಎಂದು ಹೇಳಲು ನಮಗೆ ಮನಸ್ಸಿಲ್ಲ.

ಲೀಸ್ಡ್ ಲೈನಿನ ಖರ್ಚು ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ ತಿಳಿದಿರಲಿ. ನಮ್ಮ ಕೇಂದ್ರದಿಂದ ನಿಮ್ಮ ಬಾಗಿಲವರೆಗೆ ನಿಮಗೆಂದೇ ಒಂದು ಫೈಬರ್ ಎಳೆ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆ), ಕರೆಂಟು ಹೋದರೆ ಬ್ಯಾಟರಿ, ಕಂಬದ ಬಾಡಿಗೆ, ರಸ್ತೆ ಅಗೆಯಲು ಅನುಮತಿಯ ಶುಲ್ಕ. ಇದೇ ರಸ್ತೆಯಲ್ಲಿ ಬೇರೆಯವರ ಜೆಸಿಬಿ ಬಂದು ಕೇಬಲ್ ಕಡಿದರೆ ಜೋಡಿಸುವ ಖರ್ಚೂ ನಮ್ಮದೇ. ಬೈಗುಳವೂ ನಮಗೇ ಬರುತ್ತದೆ. ರಾತ್ರಿ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹೊತ್ತು ಕಂಬ ಹತ್ತುವ ಹುಡುಗರ ಸಂಬಳ ಮನೆ ಪ್ಲಾನಿನ ದುಡ್ಡಿನಲ್ಲಿ ಹುಟ್ಟುವುದಿಲ್ಲ. ಇಷ್ಟು ದಿನ ಅಂಗಡಿಗಳ ಮನೆ ಪ್ಲಾನಿಗೂ ರಾತ್ರಿ ರಿಪೇರಿ ಮಾಡಿಕೊಟ್ಟಿದ್ದೇವೆ. ಆ ಬಗ್ಗೆ ನಮಗೆ ಹೆಮ್ಮೆಯಿದೆ, ಆದರೆ ಇನ್ನು ಸಾಧ್ಯವಾಗುತ್ತಿಲ್ಲ.

ಲೀಸ್ಡ್ ಲೈನಿಗೆ 99.5 ಶೇಕಡಾ ಲಭ್ಯತೆಯನ್ನು ಬರೆದುಕೊಡುತ್ತೇವೆ. ಅಂದರೆ 30 ದಿನದ ತಿಂಗಳಿನಲ್ಲಿ ಒಟ್ಟು 3 ಗಂಟೆ 36 ನಿಮಿಷಕ್ಕಿಂತ ಹೆಚ್ಚು ನಿಂತರೆ ಬಿಲ್ಲಿನಲ್ಲಿ ಕಡಿತ. ನಿಮ್ಮ ಒಳಗಿನ ಸ್ವಿಚ್ಚು, ವೈಫೈ ಕೆಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಲೀಸ್ಡ್ ಲೈನಿನ ಜೊತೆ ಬರುವ ಎಂಟು ಐಪಿ ವಿಳಾಸಗಳ (ಇಂಟರ್ನೆಟ್ಟಿನಲ್ಲಿ ನಿಮ್ಮನ್ನು ಗುರುತಿಸುವ ಸಂಖ್ಯೆಗಳ) ಗುಂಪಿನಲ್ಲಿ ನಿಮ್ಮ ಬಳಕೆಗೆ ಸಿಗುವುದು ಐದು. ಎರಡು ನೆಟ್‌ವರ್ಕಿಗೇ ಮೀಸಲು, ಒಂದು ಹೊರಗಿನ ನೆಟ್ಟಿಗೆ ಬಾಗಿಲಾದ ನಮ್ಮ ಗೇಟ್‌ವೇಗೆ. ಬಿಲ್ಲಿನ ಮೇಲಿನ 18 ಶೇಕಡಾ ಜಿಎಸ್‌ಟಿಗೆ ನೋಂದಾಯಿತ ವ್ಯಾಪಾರಿಗಳು ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಅದು ಸಿಗುವುದಿಲ್ಲ.

ಆದರೂ ಎಲ್ಲರೂ ಲೀಸ್ಡ್ ಲೈನ್ ತೆಗೆದುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಬಿಲ್ಲಿಂಗ್, ಮೇಲ್, ಜಿಎಸ್‌ಟಿ ರಿಟರ್ನ್ ಇಷ್ಟೇ ಇದ್ದರೆ ಹಂಚಿಕೆಯ ಫೈಬರ್ ಪ್ಲಾನ್ ಧಾರಾಳ ಸಾಕು. ಅದೂ ಹಂಚಿಕೆಯದೇ, 32 ಸಂಪರ್ಕಗಳು ಸೇರಿ 2.4 ಜಿಬಿಪಿಎಸ್ (2400 ಎಂಬಿಪಿಎಸ್) ಇಳಿಕೆ, 1.2 ಜಿಬಿಪಿಎಸ್ ಏರಿಕೆ ಬಳಸುತ್ತವೆ. ಆದರೆ ತಾಮ್ರದಂತೆ ಮಳೆಗೆ ಅಳುಕುವುದಿಲ್ಲ. ನಿಮ್ಮಲ್ಲೇ ಸರ್ವರ್ ಇಟ್ಟು ಶಾಖೆಗಳಿಂದ ತೆರೆಯುವವರು, ಒಂದು ಗಂಟೆ ನೆಟ್ ನಿಂತರೆ ಕೆಲಸವೇ ನಿಲ್ಲುವವರು ಮಾತ್ರ ಲೀಸ್ಡ್ ಲೈನಿನ ಬಗ್ಗೆ ಯೋಚಿಸಿ.

ಯಾವುದು ಬೇಕೆಂದು ತಿಳಿಯದಿದ್ದರೆ ವೈಫೈ ಬಿಟ್ಟು, ಲ್ಯಾಪ್‌ಟಾಪಿಗೆ ಕೇಬಲನ್ನು ನೇರ ಚುಚ್ಚಿ ಬೆಳಿಗ್ಗೆ 11ಕ್ಕೆ, ರಾತ್ರಿ 9ಕ್ಕೆ ವೇಗ ನೋಡಿ, ಅಪ್‌ಲೋಡಿನ ಅಂಕಿಯನ್ನೂ ಬರೆದುಕೊಳ್ಳಿ. ಮೂರು ದಿನದ ಆ ಚೀಟಿ ಹಿಡಿದು ಈ ತಿಂಗಳ 20ರೊಳಗೆ ಕಚೇರಿಗೆ ಬನ್ನಿ, ಕೂತು ಮಾತಾಡೋಣ. ಬದಲಾವಣೆಯ ದಿನ ಹೊಸ ಲೈನು ಓಡುವುದನ್ನು ನೀವು ಕಣ್ಣಾರೆ ನೋಡಿದ ಮೇಲಷ್ಟೇ ಹಳೆಯದನ್ನು ಬಿಚ್ಚುತ್ತೇವೆ.

ಇಂತಿ,
ನಿಮ್ಮ ಬ್ರಾಡ್‌ಬ್ಯಾಂಡ್ ಕೇಂದ್ರದ ಬಳಗ