ಅನ್ನ ಬಿಟ್ಟು ಪೌಡರ್ ಕುಡಿದರೆ ಆಟಕ್ಕೆ ಶಕ್ತಿ ಎಲ್ಲಿಂದ?

ಮಾನ್ಯ ಸಂಪಾದಕರೇ,

ನಾನು ಹಳ್ಳಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಕಬಡ್ಡಿ ಪ್ರಾಕ್ಟೀಸಿಗೆ ಬರುವ ಹುಡುಗರಲ್ಲಿ ಕೆಲವರು ಈಗೀಗ ಅನ್ನ, ಮುದ್ದೆ ಮುಟ್ಟುತ್ತಿಲ್ಲ. ಕೇಳಿದರೆ "ಕಾರ್ಬ್ಸ್ ಬೇಡ ಸಾರ್, ಪ್ರೋಟೀನ್ ಸಾಕು" ಅಂತಾರೆ. ಎಲ್ಲಾ ಮೊಬೈಲಿನಲ್ಲಿ ಕಲಿತದ್ದು. ನಮ್ಮಲ್ಲೊಬ್ಬ ಒಳ್ಳೆಯ ರೇಡರ್ ಇದ್ದಾನೆ. ಬೆಳಿಗ್ಗೆ ನೀರಿಗೆ ಪ್ರೋಟೀನ್ ಪೌಡರ್ ಕಲಸಿ ಕುಡಿದು ಬರುತ್ತಾನೆ, ಬಿಸಿಯೂಟದಲ್ಲಿ ಸಾಂಬಾರಿನ ಬೇಳೆ, ತರಕಾರಿ ತಿಂದು ಅನ್ನವನ್ನು ತಟ್ಟೆಯಲ್ಲೇ ಬಿಡುತ್ತಾನೆ. ಸಂಜೆ ಆಟದ ಎರಡನೇ ಅರ್ಧದಲ್ಲಿ ಬೋನಸ್ ಲೈನ್ ದಾಟಲೂ ಅವನಿಗೆ ಕಾಲು ಬರುವುದಿಲ್ಲ.

ಕಾರಣ ಸರಳ. ಒಂದು ಗ್ರಾಂ ಕಾರ್ಬೋಹೈಡ್ರೇಟಿನಲ್ಲೂ (ಹುಡುಗರು ಹೇಳುವ ಕಾರ್ಬ್ಸ್), ಒಂದು ಗ್ರಾಂ ಪ್ರೋಟೀನಿನಲ್ಲೂ ಇರುವುದು ಸುಮಾರು 4 ಕ್ಯಾಲೊರಿಯೇ. ಆದರೆ ದೇಹ ಎರಡನ್ನೂ ಒಂದೇ ಥರ ಬಳಸುವುದಿಲ್ಲ. ಅನ್ನ, ಮುದ್ದೆಯ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಖರ್ಚಾಗದೆ ಉಳಿದದ್ದರಲ್ಲಿ ಒಂದಿಷ್ಟು ಗ್ಲೈಕೋಜನ್ ಆಗಿ ದಾಸ್ತಾನಾಗುತ್ತದೆ, ದೊಡ್ಡವರಲ್ಲಿ ಲಿವರಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ರೇಡ್ ಮೇಲೆ ರೇಡ್ ಮಾಡುವಾಗ ಕರಗುವುದು ಈ ದಾಸ್ತಾನೇ.

ಪ್ರೋಟೀನಿಗೆ ಇಂಥ ಉಗ್ರಾಣ ಇಲ್ಲ. ಮಾಂಸಖಂಡ ಕಟ್ಟುವುದು, ಸವೆದದ್ದನ್ನು ರಿಪೇರಿ ಮಾಡುವುದು ಅದರ ಮುಖ್ಯ ಕೆಲಸ. ಕಾರ್ಬೋಹೈಡ್ರೇಟ್ ಸಾಲದೇ ಹೋದಾಗ ಲಿವರ್ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಿಂದ ಸಾರಜನಕವನ್ನು ಬೇರ್ಪಡಿಸಿ, ಅದನ್ನು ಯೂರಿಯಾ ಮಾಡಿ ಕಿಡ್ನಿಯ ಮೂಲಕ ಹೊರಗೆ ಕಳಿಸಿ, ಉಳಿದದ್ದರಿಂದ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಈ ಕೆಲಸಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಪೌಡರನ್ನು ಹೀಗೆ ಉರಿಸುವುದು ತೇಗದ ತೊಲೆಯನ್ನು ಒಲೆಗೆ ಇಟ್ಟ ಹಾಗೆ ಅಲ್ವಾ? ಅದೂ ಸಾಲದೆ ಬಂದರೆ ಸ್ವಂತ ಮಾಂಸಖಂಡದ ಪ್ರೋಟೀನೂ ಕರಗುತ್ತದೆ. ಮೈ ಕಟ್ಟೋಕೆ ಹೊರಟ ಹುಡುಗನಿಗೆ ಇದಕ್ಕಿಂತ ನಷ್ಟ ಬೇಕೇ?

ಹಾಗಂತ ಪ್ರೋಟೀನ್ ಬೇಡ ಅಂತಲ್ಲ. ನಮ್ಮ ದೇಶದ ಪೌಷ್ಟಿಕಾಂಶ ಶಿಫಾರಸಿನ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಬೇಕು, ಆಟಗಾರರಿಗೆ ಇನ್ನೂ ಜಾಸ್ತಿ. ಅದನ್ನು ಊಟದಲ್ಲೇ ಹೊಂದಿಸಬಹುದು. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ 7 ಗ್ರಾಂ ಆಸುಪಾಸು, ಅಷ್ಟೇ ಹುರುಳಿಕಾಳಿನಲ್ಲಿ 20 ಗ್ರಾಂಗಿಂತ ಮೇಲೆ. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಅನ್ನೋ ಅಮೈನೋ ಆಮ್ಲ ಕಾಳಿನಲ್ಲಿ ಚೆನ್ನಾಗಿದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಇದ್ದರೆ ಎಷ್ಟು ಚೆನ್ನ! ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೂ 2024ರ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪೌಡರ್ ಬೇಡ ಎಂದೇ ಹೇಳಿದೆ.

ನಾನು ಹೇಳಿದರೆ ಹುಡುಗರು "ಸಾರ್ ಹಳೇ ಕಾಲದವರು" ಅಂತಾರೆ, ಪೇಪರಿನಲ್ಲಿ ಬಂದರೆ ಓದುತ್ತಾರೆ. ತಾಲ್ಲೂಕು ಕ್ರೀಡಾಕೂಟ ಶುರುವಾಗುವ ಮುಂಚೆ ನಿಮ್ಮ ಕ್ರೀಡಾ ಪುಟದಲ್ಲಿ ಆಹಾರ ತಜ್ಞರಿಂದ ಒಂದು ಲೇಖನ ಬರೆಸಿ. ಪ್ರಾಕ್ಟೀಸಿಗೆ ಎಷ್ಟು ಹೊತ್ತು ಮುಂಚೆ ಏನು ತಿನ್ನಬೇಕು ಅನ್ನೋದೂ ಅದರಲ್ಲಿ ಇರಲಿ.

— ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ ಜಿಲ್ಲೆ