ಹಿಟ್ಟು ಇನ್ನು ಸಂಜೆ ಅಲ್ಲ, ಬೆಳಗ್ಗೆ ಬರುತ್ತದೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಎಚ್‌ಎಸ್‌ಆರ್ ಲೇಔಟ್, ಬೆಳ್ಳಂದೂರು, ಕಾಡುಬೀಸನಹಳ್ಳಿ, ಮಾರತ್ತಹಳ್ಳಿ ಕಡೆಯ ಮನೆಗಳಿಗೆ ಮುಂದಿನ ಸೋಮವಾರದಿಂದ ಇಡ್ಲಿ, ದೋಸೆ ಹಿಟ್ಟು ಸಂಜೆ ಬರುವುದಿಲ್ಲ. ಬೆಳಗ್ಗೆ 5ರಿಂದ 6.30ರ ಒಳಗೆ ಬರುತ್ತದೆ. ಬನಶಂಕರಿ, ಜಯನಗರ, ಜೆ.ಪಿ. ನಗರದವರಿಗೆ ಏನೂ ಬದಲಾಗಿಲ್ಲ.

ಕಾರಣ ಟ್ರಾಫಿಕ್ಕು. ಅದು ನಿಮಗೂ ಗೊತ್ತಿರುವುದೇ. ಆದರೆ ಟ್ರಾಫಿಕ್‌ನಲ್ಲಿ ಹಿಟ್ಟಿಗೆ ಏನಾಗುತ್ತದೆ ಅನ್ನುವುದನ್ನು ಹೇಳಬೇಕು.

ಇಷ್ಟು ದಿನ ನಾವು ಮಧ್ಯಾಹ್ನ ರುಬ್ಬಿ, 4 ಗಂಟೆಗೆ ತುಂಬಿ ಕಳಿಸುತ್ತಿದ್ದೆವು. ನೀವು ಅದನ್ನು ರಾತ್ರಿಯಿಡೀ ಹೊರಗಿಟ್ಟರೆ ಬೆಳಗ್ಗೆ ಹದವಾಗಿ ಉಬ್ಬಿರಬೇಕು. ಬನಶಂಕರಿಯ ನಮ್ಮ ಅಂಗಡಿಯಿಂದ ಮಾರತ್ತಹಳ್ಳಿಗೆ ಔಟರ್ ರಿಂಗ್ ರೋಡಿನಲ್ಲಿ ಸುಮಾರು 18 ಕಿ.ಮೀ. ಶುರು ಮಾಡಿದಾಗ ವ್ಯಾನ್ ಒಂದೂಕಾಲು ಗಂಟೆಯಲ್ಲಿ ಹೋಗಿ ಸೇರುತ್ತಿತ್ತು. ಈಗ ಮಳೆ ಬಂದ ಸಂಜೆ ಮೂರು ಗಂಟೆಯೂ ಹಿಡಿದಿದೆ. ಏಪ್ರಿಲ್ ಬಿಸಿಲಿಗೆ ಕಾದ ವ್ಯಾನಿನೊಳಗೆ ಹಿಟ್ಟು ಸುಮ್ನೆ ಕೂರುವುದಿಲ್ಲ. ದಾರಿಯಲ್ಲಿ ಸಿಗುವ ಅಗರ ದಾಟುವಷ್ಟರಲ್ಲಿ ಕವರುಗಳು ಊದಿಕೊಳ್ಳುತ್ತವೆ. ನಿಮ್ಮ ಮನೆಯಲ್ಲಿ ನಡೆಯಬೇಕಾದ ಕೆಲಸದ ಅರ್ಧ ದಾರಿಯಲ್ಲೇ ಮುಗಿದಿರುತ್ತದೆ. ಬೆಳಗಾಗುವಷ್ಟರಲ್ಲಿ ಹುಳಿ ಜಾಸ್ತಿ, ಇಡ್ಲಿ ಚಪ್ಪಟೆ. "ನಿಮ್ಮ ಹಿಟ್ಟು ಮೊದಲಿನ ಹಾಗಿಲ್ಲ" ಎಂದು ಕೆಲವರು ಹೇಳಿದಿರಿ. ನಿಜ. ಅಕ್ಕಿ, ಉದ್ದು ಬದಲಾಗಿರಲಿಲ್ಲ, ದಾರಿ ಬದಲಾಗಿತ್ತು. ಆದರೂ ಕೆಟ್ಟ ಹಿಟ್ಟಿಗೆ ದುಡ್ಡು ಕೊಟ್ಟವರು ನೀವು. ಕ್ಷಮೆ ಕೇಳುತ್ತೇವೆ.

ರಸ್ತೆ ಸರಿಹೋಗುತ್ತದೆ ಎಂದು ಕಾದು ನೋಡಿದೆವು. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಡಬಲ್ ಡೆಕ್ಕರ್ ಫ್ಲೈಓವರ್ ತೆರೆದಾಗ ನಮಗೆ ಬಹಳ ಖುಷಿಯಾಗಿತ್ತು. ಬಿಟಿಎಂ ಕಡೆಯ ಕಾಯುವಿಕೆ ನಿಜವಾಗಿಯೂ ಕಡಿಮೆಯಾಯಿತು. ಆದರೆ ಸಿಲ್ಕ್ ಬೋರ್ಡ್ ದಾಟಿದ ಮೇಲೆ ಮತ್ತೆ ಅದೇ ಸಾಲು. ಅಲ್ಲಿಂದ ಕೆ.ಆರ್. ಪುರದವರೆಗೆ ಮೆಟ್ರೋ ಕೆಲಸ ನಡೆದಿದೆ. ಆ ಮೆಟ್ರೋ ಬಂದರೆ ಆಫೀಸಿಗೆ ಹೋಗುವ ನಿಮಗೆ ದೊಡ್ಡ ಉಪಕಾರ, ಬೇಗ ಬರಲಿ. ಹಿಟ್ಟು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ.

ಇನ್ನೊಂದು ಕಾರಣ ನಮ್ಮ ಹುಡುಗರು. ತಡವಾಯಿತು ಎಂದು ಫೋನಿನ ಮೇಲೆ ಫೋನು ಬಂದಾಗ ಅವರು ಗಾಡಿ ನುಗ್ಗಿಸಲು ನೋಡುತ್ತಾರೆ. ಹೋದ ತಿಂಗಳು ಒಬ್ಬ ಬೈಕಿನವರಿಗೆ ವ್ಯಾನು ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಆ ಹುಡುಗ ಅಂಗಡಿಗೆ ಬಂದು ಕೂತಾಗ ಅವನ ಕೈ ಇನ್ನೂ ನಡುಗುತ್ತಿತ್ತು. ಹಿಟ್ಟಿಗಾಗಿ ಯಾರ ಜೀವವೂ ಅಪಾಯಕ್ಕೆ ಸಿಗಬಾರದು, ಅಲ್ವಾ? ಸಮಯ ಬದಲಿಸಬೇಕು ಎಂದು ಅವತ್ತೇ ನಿರ್ಧಾರ ಮಾಡಿದೆವು.

ಇನ್ನು ಮುಂದೆ ರಾತ್ರಿ 8ರ ಒಳಗೆ ರುಬ್ಬುವ ಕೆಲಸ ಮುಗಿಸುತ್ತೇವೆ. ರುಬ್ಬುವ ಅಕ್ಕಂದಿರು ಅಂಗಡಿಯ ಹತ್ತಿರದಲ್ಲೇ ಇರುವವರು, ಅವರನ್ನು ಕೇಳಿಯೇ ಈ ಹೊತ್ತು ಗೊತ್ತುಮಾಡಿದ್ದೇವೆ. ಹಿಟ್ಟು ನಮ್ಮ ಸ್ಟೀಲ್ ಪಾತ್ರೆಗಳಲ್ಲೇ ಹುದುಗುತ್ತದೆ. ಡಿಸೆಂಬರ್, ಜನವರಿ ಚಳಿಗೆ ಹೆಚ್ಚು ಹೊತ್ತು ಬೇಕು, ಆಗ ಇನ್ನೂ ಬೇಗ ರುಬ್ಬುತ್ತೇವೆ. ಬೆಳಗ್ಗೆ 4ಕ್ಕೆ ತುಂಬಿ ವ್ಯಾನ್ ಹೊರಡುತ್ತದೆ. ಎರಡು ವಾರ ಪ್ರಯೋಗ ಮಾಡಿ ನೋಡಿದೆವು, ಮಾರತ್ತಹಳ್ಳಿಗೆ 40 ನಿಮಿಷ ಸಾಕಾಯಿತು. ತಂಪು ಹೊತ್ತು, ಹಿಟ್ಟು ಹಾಗೇ ಇತ್ತು. ಬಂದ ಕೂಡಲೇ ಇಡ್ಲಿ ತಟ್ಟೆಗೆ ಹಾಕಬಹುದು. ಸಂಜೆಗೆ ದೋಸೆ ಬೇಕಿದ್ದರೆ ತಕ್ಷಣ ಫ್ರಿಜ್ಜಿನಲ್ಲಿಡಿ, ಹೊರಗಿಡಬೇಡಿ. ಈ ಮಾತು ಮರೆಯಬೇಡಿ, ಹಳೆಯ ಅಭ್ಯಾಸದಲ್ಲಿ ಹೊರಗಿಟ್ಟರೆ ಹುಳಿ ಬಂದುಬಿಡುತ್ತದೆ.

ಬೆಲೆ ಹೆಚ್ಚಿಸಿಲ್ಲ. ನಿಂತಲ್ಲೇ ಉರಿಯುತ್ತಿದ್ದ ಡೀಸೆಲ್ ಉಳಿಯುತ್ತದೆ, ಬೆಳಗಿನ ಹುಡುಗರಿಗೆ ಕೊಡುವ ಹೆಚ್ಚಿನ ಕೂಲಿಗೆ ಅದು ಸರಿಹೋಗುತ್ತದೆ.

ನಿಮ್ಮಿಂದ ಎರಡು ಸಹಾಯ ಬೇಕು. ಆರ್ಡರನ್ನು ಹಿಂದಿನ ದಿನ ಮಧ್ಯಾಹ್ನ 12ರ ಒಳಗೆ ಅದೇ ವಾಟ್ಸಾಪ್ ನಂಬರಿಗೆ ಕಳಿಸಿ, ಅಕ್ಕಿ ನೆನೆಹಾಕುವುದು ಆಮೇಲೆಯೇ. ಅಪಾರ್ಟ್‌ಮೆಂಟಿನಲ್ಲಿರುವವರು ಗೇಟಿನ ಸೆಕ್ಯೂರಿಟಿಗೆ ಒಂದು ಮಾತು ಹೇಳಿಟ್ಟು, ಬಾಗಿಲಿಗೆ ಒಂದು ಬಟ್ಟೆ ಚೀಲ ತೂಗುಹಾಕಿ. ಹುಡುಗರು ಬೆಲ್ ಒತ್ತುವುದಿಲ್ಲ, ಮಕ್ಕಳು ಮಲಗಿರುತ್ತಾರೆ.

ಬೆಳಗಿನ ಹೊತ್ತು ಆಗುವುದೇ ಇಲ್ಲ ಅನ್ನುವವರು ಶನಿವಾರದೊಳಗೆ ತಿಳಿಸಿ. ಮುಂಗಡ ಕೊಟ್ಟ ಹಣದಲ್ಲಿ ಉಳಿದದ್ದನ್ನು ಅವತ್ತೇ ವಾಪಸ್ ಹಾಕುತ್ತೇವೆ.

ಇಂತಿ ನಿಮ್ಮ,
ಬನಶಂಕರಿಯ ಹಿಟ್ಟಿನ ಅಂಗಡಿಯವರು